ಒದ್ದೆ ಕೈಗೆ ತೆರೆಯದ ಫೋನು

“ತಪ್ಪು ಅವರದೇ, ಮೇಷ್ಟ್ರೇ. ಇಪ್ಪತ್ತೆರಡು ಜನವೂ ಸೇರಿ ತಪ್ಪು ಮಾಡಿದ್ದಾರೆ. ಒಳ್ಳೆಯದನ್ನು ತಂದು ಕೈಗೆ ಕೊಟ್ಟರೂ ಬೇಡ ಅನ್ನುವವರಿಗೆ ಏನು ಹೇಳಬೇಕು?”

ಹೀಗೆ ಕೇಳಿದವನು ಮುನಿಕೃಷ್ಣ. ರೇಷ್ಮೆ ನೂಲು ಬಿಚ್ಚುವ ಹೆಂಗಸರ ಸಂಘಕ್ಕೆ ಅವನು ಕಾರ್ಯದರ್ಶಿ. ಅವನಿಗೆ ನೂಲು ಬಿಚ್ಚಲು ಬರುವುದಿಲ್ಲ, ಬರೆಯಲು ಬರುತ್ತದೆ. ಅದಕ್ಕಾಗಿಯೇ ಅವನನ್ನು ಆರಿಸಿದ್ದರು. ಸಂಘದ ಇಪ್ಪತ್ತೆರಡು ಹೆಂಗಸರಿಗೂ ಫೋನು ಕೊಡಿಸುವ ಕೆಲಸ ಈಗ ಅವನ ಪಾಲಿಗೆ ಬಂದಿತ್ತು.

ಕೇಳಿಸಿಕೊಂಡವರು ಕದಿರಪ್ಪ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಆದರೆ ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ, ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ನೂಲು ಬಿಚ್ಚುವ ಶೆಡ್ಡಿನಲ್ಲಿ ಒಲೆಗೆ ಸೌದೆ ಹಾಕುತ್ತಿದ್ದವರು. ಬೆಂಕಿ ಹೊತ್ತಿಸಲು ತಂದ ಹಳೆಯ ಪತ್ರಿಕೆಗಳಲ್ಲಿ ಒಂದೊಂದೇ ಅಕ್ಷರ ಗುರುತು ಹಿಡಿದು ಓದು ಕಲಿತರು. ಮೊದಲು ಓದುತ್ತಿದ್ದರು, ಆಮೇಲೆ ಹೊತ್ತಿಸುತ್ತಿದ್ದರು. ನೀರು ಕಾಯುವುದು ತಡವಾಯಿತೆಂದು ಎರಡು ಸಲ ಕೆಲಸ ಕಳೆದುಕೊಂಡರು. ಸಂಘ ಕಟ್ಟಿದವರೂ ಅವರೇ.

“ಯಾವ ಫೋನು ಆರಿಸಿದೆ?” ಎಂದರು ಮೇಷ್ಟ್ರು.

“ಮಧ್ಯದ ಬೆಲೆಯದು. ತೀರಾ ಅಗ್ಗದ್ದು ಒಂದು ವರ್ಷಕ್ಕೆ ಸಾಯುತ್ತದೆ. ದುಬಾರಿಯದು ನಮಗೆ ಎಟುಕುವುದಿಲ್ಲ. ಹದಿನೈದು ದಿನ ಕೂತು ವಿಡಿಯೊ ನೋಡಿದೆ, ಮೇಷ್ಟ್ರೇ. ಹದಿನಾಲ್ಕು ಫೋನು ಹೋಲಿಸಿದೆ. ಬ್ಯಾಟರಿಗೆ ಇಷ್ಟು ಅಂಕ, ಪರದೆಗೆ ಇಷ್ಟು, ಕ್ಯಾಮೆರಾಗೆ ಇಷ್ಟು ಅಂತ ಪಟ್ಟಿ ಮಾಡಿದೆ. ಎಲ್ಲ ಕೂಡಿಸಿದಾಗ ಗೆದ್ದದ್ದು ಇದು.”

ಅವನು ಚೀಲದಿಂದ ಒಂದು ಸ್ಯಾಂಪಲ್ ಫೋನು ತೆಗೆದು ಮುಂದಿಟ್ಟ. ನುಣ್ಣಗೆ, ತೆಳ್ಳಗೆ ಹೊಳೆಯುತ್ತಿತ್ತು.

“ಚೆನ್ನಾಗಿದೆ. ಅವರು ಏನು ಮಾಡಿದರು?”

“ಕಿವಿಗೆ ಹಿಡಿದು ಅಲ್ಲಾಡಿಸಿದರು!”

ಮೇಷ್ಟ್ರು ಜೋರಾಗಿ ನಕ್ಕರು.

“ನಗಬೇಡಿ, ಮೇಷ್ಟ್ರೇ. ಒಬ್ಬರಾದ ಮೇಲೆ ಒಬ್ಬರು ಗೂಡು ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರು. ಅಮೀನಾಬಿ ಏನಂದರು ಗೊತ್ತೇ? ‘ಸದ್ದೇ ಇಲ್ಲವಲ್ಲಪ್ಪ, ಒಳಗೆ ಹುಳು ಕೊಳೆತಿದೆ, ವಾಪಸ್ ತಗೊಂಡು ಹೋಗು’ ಅಂದರು. ಉಳಿದವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಹದಿನೈದು ದಿನದ ನನ್ನ ಪಟ್ಟಿಯನ್ನು ಯಾರೂ ಮುಟ್ಟಲೂ ಇಲ್ಲ.”

ರೇಷ್ಮೆ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಹುಳು ಕಟಕಟ ಎನ್ನಬೇಕು. ಹಾಗೆಂದರೆ ಗೂಡು ಒಳ್ಳೆಯದು. ಸದ್ದು ಬಾರದಿದ್ದರೆ ಹುಳು ಒಳಗೇ ಕೊಳೆತು ಅಂಟಿಕೊಂಡಿದೆ ಎಂದು ಅರ್ಥ, ಅಂಥ ಗೂಡಿನ ನೂಲು ಕಲೆಯಾಗುತ್ತದೆ. ಗೂಡಿನ ವಿಷಯದಲ್ಲಿ ಆ ಹೆಂಗಸರ ಕಿವಿ ಎಂದೂ ತಪ್ಪಿದ್ದಲ್ಲ.

“ಈಗ ಏನು ಮಾಡುತ್ತೀಯ?”

“ಸೋಮವಾರ ಅಂಗಡಿಗೆ ಹೇಳಿ ಕಳಿಸಬೇಕು. ಎಲ್ಲರೂ ಒಂದೇ ಫೋನು ಕೊಂಡರೆ ಮಾತ್ರ ಅಂಗಡಿಯವನು ಬೆಲೆ ಇಳಿಸುತ್ತಾನೆ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ. ನಾನು ಇದನ್ನೇ ಹೇಳಿಬಿಡುತ್ತೇನೆ. ಕೈಗೆ ಬಂದ ಮೇಲೆ ಸುಮ್ಮನಾಗುತ್ತಾರೆ.”

ಕೈಗೆ ಬಂದ ಮೇಲೆ ಸುಮ್ಮನಾಗುತ್ತಾರೆ. ಜನರ ಹೆಸರಿನಲ್ಲಿ ಕೆಲಸ ಮಾಡುವವರ ಬಾಯಿಗೆ ಈ ಮಾತು ಎಷ್ಟು ಬೇಗ ಬರುತ್ತದೆ, ನೋಡಿ. ಆ ಇಪ್ಪತ್ತೆರಡು ಜನ ಎರಡು ವರ್ಷ ಹಬ್ಬದ ಸೀರೆ ಬಿಟ್ಟು ಈ ಫೋನಿಗೆ ಹಣ ಕೂಡಿಸಿದ್ದರು.

ಮೇಷ್ಟ್ರು ಸಿಟ್ಟಾಗಲಿಲ್ಲ. “ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

“ಒಂದು ಊರಿನಲ್ಲಿ ನೂಲು ಬಿಚ್ಚುವ ಒಬ್ಬ ಹೆಂಗಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಬೇಸಿನ್ ಮುಂದೆ ಅವಳ ಕೆಲಸ. ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಬೇಕು, ಎತ್ತಬೇಕು, ತಿರುಗುವ ರಾಟೆಗೆ ಸೇರಿಸಬೇಕು. ಆ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆನೆದು ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು.

“ಅವಳಿಗೆ ಒಂದು ಫೋನು ಬೇಕಾಯಿತು. ಎರಡು ಕೆಲಸಕ್ಕೆ. ಮಗಳು ಬೇರೆ ಊರಿನಲ್ಲಿ ತುಂಬಿದ ಬಸುರಿ, ಅವಳ ಕರೆ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಇನ್ನೊಂದು, ಶೆಡ್ಡಿನ ಧಣಿ. ಇವಳು ಸಂಜೆ ಒಳ್ಳೆಯ ನೂಲು ಸುತ್ತಿದ ಲಡಿ ಕೊಟ್ಟುಹೋದರೆ ಬೆಳಿಗ್ಗೆ ಅವನು ಯಾವುದೋ ಕಳಪೆ ಲಡಿ ತೋರಿಸಿ ‘ಇದು ನಿನ್ನದೇ’ ಎನ್ನುತ್ತಿದ್ದ. ತಾನು ಬಿಚ್ಚಿದ ನೂಲಿನ ಚಿತ್ರ ತೆಗೆದಿಟ್ಟುಕೊಳ್ಳಬೇಕು ಎಂದು ಅವಳು ನಿಶ್ಚಯಿಸಿದಳು.

“ಅಂಗಡಿಗೆ ಹೋದಳು. ವ್ಯಾಪಾರಿ ಗಾಜಿನ ಮೇಲೆ ಎರಡು ಫೋನು ಇಟ್ಟ. ಎರಡೂ ಮಧ್ಯದ ಬೆಲೆಯವು. ಒಂದು ತೆಳ್ಳಗೆ, ಹಿಂಭಾಗವೆಲ್ಲ ಗಾಜು, ಪರದೆ ಹೂವಿನ ಹಾಗೆ ಅರಳಿತ್ತು. ಇನ್ನೊಂದು ದಪ್ಪ, ಪ್ಲಾಸ್ಟಿಕ್ಕಿನದು, ಬೆನ್ನು ಒರಟು, ಎತ್ತಿದರೆ ಅರೆಯುವ ಗುಂಡುಕಲ್ಲಿನಷ್ಟು ಭಾರ. ವ್ಯಾಪಾರಿ ಎರಡರ ಅಂಕಿಗಳನ್ನೂ ಓದಿದ. ಅವಳು ಮರ್ಯಾದೆಗೆ ಕೊನೆಯವರೆಗೂ ಕೇಳಿದಳು. ಆಮೇಲೆ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದಳು.

“ದಪ್ಪನೆಯದು ಸುಮ್ಮನಿತ್ತು. ತೆಳ್ಳನೆಯದು ಕಟಕಟ ಎಂದಿತು.

“ಅವಳ ಮುಖ ಅರಳಿತು. ‘ಇದರಲ್ಲಿ ಹುಳು ಇದೆ. ಇದನ್ನೇ ಕೊಡಪ್ಪ’ ಎಂದಳು.

“ವ್ಯಾಪಾರಿ ನಕ್ಕು ನಕ್ಕು ಕುರ್ಚಿ ಹುಡುಕಿಕೊಂಡ. ಆ ಫೋನಿನ ಕ್ಯಾಮೆರಾದ ಗಾಜು ಒಳಗೆ ಸಡಿಲವಾಗಿ ತೂಗಿಕೊಂಡಿರುತ್ತದೆ, ಕೈ ನಡುಗಿದರೂ ಚಿತ್ರ ನಡುಗಬಾರದೆಂದು ಹಾಗೆ ಮಾಡಿರುತ್ತಾರೆ, ಸದ್ದು ಅದರದು. ಅವನಿಗೆ ಅದು ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಕಟ್ಟಿ ಕೊಟ್ಟ.”

ಮುನಿಕೃಷ್ಣ ತಡೆಯಲಾರದೆ ನಡುವೆ ಬಾಯಿ ಹಾಕಿದ. “ನೋಡಿದಿರಾ! ನಾನು ಹೇಳಿದ್ದೂ ಅದೇ. ಫೋನೇನು ಗೂಡೇ, ಅಲ್ಲಾಡಿಸಿ ಕೊಳ್ಳಲಿಕ್ಕೆ?”

“ಅಲ್ಲ. ಗೂಡಿನ ಪರೀಕ್ಷೆಯನ್ನು ಫೋನಿಗೆ ಮಾಡಿದ್ದು ಅವಳ ತಪ್ಪು. ಒಪ್ಪಿದೆ. ಕತೆ ಮುಗಿಯಲಿ.

“ಮೊದಲ ವಾರ ಅವಳಷ್ಟು ಸುಖಿ ಯಾರೂ ಇರಲಿಲ್ಲ. ಲಡಿಯ ಚಿತ್ರ ತೆಗೆದರೆ ಒಂದೊಂದು ಎಳೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಧಣಿ ಕಳಪೆ ಲಡಿ ಹಿಡಿದು ಬಂದ. ಅವಳು ಫೋನು ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಲಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೊರಟುಹೋದ. ಶೆಡ್ಡಿನಲ್ಲಿ ಅಂದು ಎಲ್ಲರೂ ಬೆಲ್ಲ ಹಂಚಿ ತಿಂದರು.

“ಎರಡನೆಯ ವಾರ ಮಗಳ ಕರೆ ಬಂತು. ಇವಳ ಎರಡೂ ಕೈ ಬೇಸಿನ್ನಿನಲ್ಲಿ. ಬೆರಳು ಇಟ್ಟಳು, ಫೋನು ತೆರೆಯಲಿಲ್ಲ. ಗೆರೆ ಅಳಿಸಿದ ಬೆರಳು, ಅದೂ ನೀರಿನಲ್ಲಿ ನೆನೆದದ್ದು, ಗುರುತು ಹಿಡಿಯುವುದು ಹೇಗೆ? ಪರದೆಯ ಮೇಲೆ ಬೆರಳು ಎಳೆದಳು. ನೀರಿನ ಹನಿ ಬಿದ್ದಿತ್ತು. ಹನಿ ಎತ್ತ ಜಾರಿತೋ ಫೋನು ಅತ್ತ ಓಡಿತು. ಮಗಳ ಕರೆ ನಿಂತುಹೋಯಿತು. ಅದು ತಾನೇ ಇನ್ನೊಬ್ಬರಿಗೆ ಕರೆ ಹಚ್ಚಿತು.

“ಹಚ್ಚಿದ್ದು ಧಣಿಗೆ. ಯಾರಿಗೂ ಅದು ಗೊತ್ತಾಗಲಿಲ್ಲ. ಆ ಹೊತ್ತಿಗೆ ಶೆಡ್ಡಿನ ಹೆಂಗಸರು ಧಣಿ ನಡೆಯುವ ರೀತಿ, ಅವನು ಎಲೆಯಡಿಕೆ ಉಗುಳುವ ರೀತಿ, ಲಡಿ ಬಚ್ಚಿಟ್ಟುಕೊಂಡು ಓಡಿದ ರೀತಿ ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ಧಣಿ ಮನೆಯಲ್ಲಿ ಊಟದ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡ.”

ಈ ಸಲ ನಕ್ಕವನು ಮುನಿಕೃಷ್ಣ. “ಆಮೇಲೆ?”

“ಆಮೇಲೆ ಏನು? ಅವನು ಅಂದಿನಿಂದ ಶೆಡ್ಡಿನೊಳಗೆ ಉಗುಳುವುದನ್ನು ಬಿಟ್ಟ. ಆ ಮಟ್ಟಿಗೆ ಆ ಫೋನಿನಿಂದ ಉಪಕಾರವಾಯಿತು.

“ಮಗಳು ಮತ್ತೆ ಕರೆ ಮಾಡಿದಳು. ಇವಳು ಸೆರಗು ಹುಡುಕಿದಳು, ಸೆರಗೂ ಒದ್ದೆ. ಮೈಯಲ್ಲಿ ಒಣಗಿದ್ದು ಯಾವುದು ಎಂದು ಯೋಚಿಸಿದಳು. ಬಗ್ಗಿ ಮೂಗಿನ ತುದಿಯನ್ನು ಪರದೆಗೆ ಒತ್ತಿ ಎಳೆದಳು. ಕರೆ ಹತ್ತಿತು. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಅವಳು ಮೂಗಿನಿಂದ ಎತ್ತಿ ಕೇಳಿದಳು.

“ಆ ಸಂಭ್ರಮದಲ್ಲಿ ಮೊಣಕೈ ತಾಗಿ ಫೋನು ಒದ್ದೆ ಕಟ್ಟೆಯಿಂದ ಜಾರಿತು. ಹಿಂಭಾಗದ ಗಾಜು ಚೂರಾಯಿತು.”

“ಅಂಗಡಿಯವನು ವಾಪಸ್ ತೆಗೆದುಕೊಂಡನೇ?”

“ಯಾಕೆ ತೆಗೆದುಕೊಳ್ಳುತ್ತಾನೆ? ಡಬ್ಬಿ ಒಡೆದಿತ್ತು. ಇನ್ನೊಂದಕ್ಕೆ ಹಣ ಕೂಡಿಸಲು ಅವಳಿಗೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷ ಅವಳು ಮೂಗಿನಲ್ಲೇ ಫೋನು ಎತ್ತಿದಳು.”

ಮುನಿಕೃಷ್ಣನ ನಗು ಅಲ್ಲಿಗೆ ನಿಂತಿತು. ಇಪ್ಪತ್ತೆರಡು ಮೂಗುಗಳು ಅವನ ಕಣ್ಣ ಮುಂದೆ ಬಂದಿರಬೇಕು.

“ವರ್ಷದ ಮೇಲೆ ಅವಳು ಅದೇ ಅಂಗಡಿಗೆ ಹೋದಳು. ವ್ಯಾಪಾರಿ ಮತ್ತೆ ಎರಡು ಫೋನು ಇಟ್ಟ, ಒಂದು ತೆಳ್ಳನೆಯದು, ಒಂದು ದಪ್ಪನೆಯದು. ‘ಅಲ್ಲಾಡಿಸಿ ನೋಡು ತಾಯಿ’ ಎಂದು ಹಂಗಿಸಿದ. ಅವಳು ಅಲ್ಲಾಡಿಸಲಿಲ್ಲ. ‘ಒಂದು ಬಟ್ಟಲು ನೀರು ಕೊಡಪ್ಪ’ ಎಂದಳು. ಕುಡಿಯಲು ಕೇಳುತ್ತಿದ್ದಾಳೆಂದು ಅವನು ಕೊಟ್ಟ. ಅವಳು ಕೈ ಅದ್ದಿದಳು. ಒದ್ದೆ ಕೈಯಲ್ಲೇ ತೆಳ್ಳನೆಯ ಫೋನು ಮುಟ್ಟಿದಳು.

“‘ಅಯ್ಯೋ, ಅಯ್ಯೋ! ಕೈ ಒಣಗಿಸಿಕೊಂಡು ಮುಟ್ಟಮ್ಮ!’ ಎಂದು ವ್ಯಾಪಾರಿ ಫೋನುಗಳಿಗೆ ಟವೆಲ್ ಹೊದಿಸಲು ಓಡಾಡಿದ.

“ಅವಳು ಹೇಳಿದಳು: ‘ನನ್ನ ಕೈ ಒಣಗಿದ ದಿನ ನನಗೆ ಕೆಲಸವಿಲ್ಲದ ದಿನ. ಆ ದಿನಕ್ಕಾಗಿ ನಾನು ಫೋನು ಕೊಳ್ಳುತ್ತಿಲ್ಲ.’

“ವ್ಯಾಪಾರಿ ಟವೆಲ್ ಹಿಡಿದು ನಿಂತುಬಿಟ್ಟ. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಒಬ್ಬಳು ಮೀನು ಮಾರುವವಳು, ಒಬ್ಬ ಚಹಾ ಅಂಗಡಿಯಲ್ಲಿ ಲೋಟ ತೊಳೆಯುವವನು, ಒಬ್ಬ ಬಣ್ಣದ ತೊಟ್ಟಿಯಲ್ಲಿ ನೂಲು ಅದ್ದುವವನು. ಮೂವರೂ ಬಂದು ಬಟ್ಟಲಿನ ಸುತ್ತ ನಿಂತರು.

“ತೆಳ್ಳನೆಯದು ಈ ಸಲವೂ ತೆರೆಯಲಿಲ್ಲ. ಅವಳು ದಪ್ಪನೆಯದನ್ನು ಎತ್ತಿಕೊಂಡಳು. ಬೆನ್ನು ಒರಟು, ಒದ್ದೆ ಕೈಯಿಂದ ಜಾರಲಿಲ್ಲ. ತನ್ನ ಸಿಮ್ ಅದಕ್ಕೆ ಹಾಕಿಸಿ, ಮೀನಿನವಳ ಫೋನಿನಿಂದ ಕರೆ ಮಾಡಿಸಿದಳು. ಅದು ಕೂಗಿದ ಸದ್ದಿಗೆ ಬೀದಿಯ ನಾಯಿ ಎದ್ದು ನಿಂತಿತು. ಪಕ್ಕದ ಗುಂಡಿ ಒತ್ತಿದರೆ ಸಾಕು, ಪರದೆ ಮುಟ್ಟದೆ ಕರೆ ಎತ್ತಬಹುದಿತ್ತು. ಬ್ಯಾಟರಿ ಎರಡು ದಿನ ಬರುತ್ತದೆ ಎಂದು ವ್ಯಾಪಾರಿ ತಾನಾಗಿಯೇ ಹೇಳಿದ. ಅವನಿಗೂ ಈಗ ಆಟ ರುಚಿಸಿತ್ತು.

“ಆದರೆ ಕ್ಯಾಮೆರಾ ಸಾಧಾರಣ. ಕೊರಳಿನ ದಾರದ ಚಿತ್ರ ತೆಗೆದಳು, ಕೈ ಸ್ವಲ್ಪ ಅಲುಗಿದ್ದಕ್ಕೆ ಎಲ್ಲ ಮಂಜಾಯಿತು. ಲಡಿಯ ಎಳೆ ಇದರಲ್ಲಿ ಕಾಣುವುದಿಲ್ಲ. ಬಿಸಿಲಿಗೆ ಹಿಡಿದರೆ ಪರದೆಯೂ ಕಾಣುವುದಿಲ್ಲ. ಚಾರ್ಜು ಆಗಲು ಅರ್ಧ ದಿನ ಬೇಕು.

“‘ನೋಡಮ್ಮ’ ಎಂದ ವ್ಯಾಪಾರಿ. ‘ಈ ಬೆಲೆಗೆ ಎಲ್ಲವೂ ಸಿಗುವುದಿಲ್ಲ. ಇದರಲ್ಲಿ ಒಂದನ್ನು ಬಿಟ್ಟಿದ್ದಾರೆ, ಅದರಲ್ಲಿ ಇನ್ನೊಂದನ್ನು ಬಿಟ್ಟಿದ್ದಾರೆ.’

“ಅವಳು ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಮೊಣಕೈಯನ್ನು ಗಾಜಿನ ಮೇಲೆ ಊರಿದಳು, ಉಸಿರು ಬಿಗಿಹಿಡಿದಳು, ದಪ್ಪನೆಯ ಫೋನಿನಲ್ಲಿ ಅದೇ ದಾರದ ಚಿತ್ರ ಮತ್ತೆ ತೆಗೆದಳು. ಈ ಸಲ ಎಳೆ ಕಂಡಿತು.

“‘ಎರಡರಲ್ಲೂ ಕೊರತೆ ಇದೆಯಪ್ಪ’ ಎಂದಳು. ‘ಇದರ ಕೊರತೆಯನ್ನು ನನ್ನ ಕೈ ತುಂಬಿಕೊಡುತ್ತದೆ. ಅದರ ಕೊರತೆ ನನ್ನ ಕೈಯನ್ನೇ ಬೇಡ ಅನ್ನುತ್ತದೆ. ಇದನ್ನೇ ಕೊಡು.’

“ಅವಳು ಹೋದ ಮೇಲೆ ಮೀನಿನವಳು ಕೈ ಅದ್ದಿದಳು. ಆಮೇಲೆ ಲೋಟ ತೊಳೆಯುವವನು. ನೂಲು ಅದ್ದುವವನಿಗೆ ಮಾತ್ರ ತೆಳ್ಳನೆಯದೇ ಬೇಕಾಯಿತು. ಬಣ್ಣದ ಛಾಯೆ ಸರಿಯಾಗಿ ಕಾಣುವ ಪರದೆ ಅವನಿಗೆ ಮುಖ್ಯ, ಕರೆ ಎತ್ತಲು ಮನೆಯಲ್ಲಿ ಒಣಗಿದ ಕೈಯ ಹೆಂಡತಿ ಇದ್ದಳು. ಅವನ ಲೆಕ್ಕವೂ ಸರಿ. ವ್ಯಾಪಾರಿ ಆ ಬಟ್ಟಲನ್ನು ಒಳಗೆ ತೆಗೆದಿಡಲಿಲ್ಲ. ಈಗಲೂ ಆ ಅಂಗಡಿಯ ಗಾಜಿನ ಮೇಲೆ ಒಂದು ಬಟ್ಟಲು ನೀರು ಇರುತ್ತದಂತೆ.”

ಮೇಷ್ಟ್ರು ಕತೆ ನಿಲ್ಲಿಸಿದರು.

ಮುನಿಕೃಷ್ಣ ಕಣ್ಣು ಕೆಳಗಿಳಿಸಿದ. ಅವನ ಮುಂದೆ ಸ್ಯಾಂಪಲ್ ಫೋನು ಹೊಳೆಯುತ್ತ ಬಿದ್ದಿತ್ತು. ಅದು ಕಟಕಟ ಎನ್ನುವ ಫೋನಲ್ಲ, ಒರಟು ಬೆನ್ನಿನ ಫೋನೂ ಅಲ್ಲ. ಬೇಸಿನ್ನಿನ ಕಟ್ಟೆಯ ಮೇಲೆ ಅದು ಏನು ಮಾಡುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ಹದಿನೈದು ದಿನದ ವಿಡಿಯೊಗಳಿಗೂ ಗೊತ್ತಿರಲಿಲ್ಲ. ಆ ವಿಡಿಯೊಗಳಲ್ಲಿ ಫೋನು ಹಿಡಿದ ಕೈಗಳೆಲ್ಲ ಒಣಗಿದ ಕೈಗಳು. ಫೋನು ತಯಾರಿಸುವವನು ಬೆಲೆ ಇಳಿಸಲು ಏನನ್ನಾದರೂ ಬಿಡಲೇಬೇಕು, ಅದರಲ್ಲಿ ಮೋಸವಿಲ್ಲ. ಆದರೆ ಏನನ್ನು ಬಿಡಬೇಕೆಂದು ಅವನು ಒದ್ದೆ ಕೈಯವರನ್ನು ಎಂದೂ ಕೇಳಿಲ್ಲ. ಮಾರುವವನೂ ಕೇಳಿಲ್ಲ. ಕೊನೆಗೆ ಅವರದೇ ಸಂಘದ ಕಾರ್ಯದರ್ಶಿಯೂ ಕೇಳಲಿಲ್ಲ.

ಥಟ್ಟನೆ ಅವನ ಮುಖ ಅರಳಿತು. ಚೀಲದಿಂದ ಪಟ್ಟಿ ತೆಗೆದ, ಕಿವಿಯ ಸಂದಿಯಿಂದ ಪೆನ್ನು ತೆಗೆದ.

“ಅರ್ಥವಾಯಿತು, ಮೇಷ್ಟ್ರೇ! ಕ್ಯಾಮೆರಾದ ಅಂಕ ಕಡಿಮೆ ಮಾಡುತ್ತೇನೆ. ಒರಟು ಬೆನ್ನಿಗೆ ಹತ್ತು ಅಂಕ, ಪಕ್ಕದ ಗುಂಡಿಗೆ ಇಪ್ಪತ್ತು, ಜೋರು ಸದ್ದಿಗೆ ಹತ್ತು. ನಾಳೆ ಭಾನುವಾರ ಕೂತು ಎಲ್ಲ ಮತ್ತೆ ಕೂಡಿಸುತ್ತೇನೆ. ಸೋಮವಾರ ಅವರಿಗೆ ಸರಿಯಾದ ಫೋನನ್ನೇ ಆರಿಸಿ ಹೇಳಿ ಕಳಿಸುತ್ತೇನೆ.”

ಮೇಷ್ಟ್ರು ಅವನ ಕೈಯಿಂದ ಪೆನ್ನು ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

“ಅವರು ಕಿವಿಗೆ ಹಿಡಿದು ಅಲ್ಲಾಡಿಸಿದರು, ನೀನು ಕಣ್ಣಿಗೆ ಹಿಡಿದು ಓದಿದೆ, ಈಗ ನನ್ನ ಕತೆ ಕೇಳಿ ಮತ್ತೆ ನೀನೇ ಆರಿಸಲು ಹೊರಟೆ” ಎಂದರು. “ಏಳು. ನಾಳೆ ಬೆಳಿಗ್ಗೆ ಅಂಗಡಿಯಿಂದ ಇನ್ನೂ ನಾಲ್ಕು ಸ್ಯಾಂಪಲ್ ಕೇಳಿ ತಾ. ಐದನ್ನೂ ಬೇಸಿನ್ನಿನ ಕಟ್ಟೆಯ ಮೇಲೆ ಸಾಲಾಗಿ ಇಡು.”

“ಇಟ್ಟು ಏನು ಹೇಳಲಿ, ಮೇಷ್ಟ್ರೇ?”

“ಅಮೀನಾಬಿಯ ಒದ್ದೆ ಕೈ ಐದನ್ನೂ ಮುಟ್ಟಿ, ಇಪ್ಪತ್ತೆರಡು ಜನರ ಮಾತು ಮುಗಿಯುವವರೆಗೆ, ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲು.”

ಮುನಿಕೃಷ್ಣ ಏನೋ ಹೇಳಲು ಬಾಯಿ ತೆರೆದ. ಮೇಷ್ಟ್ರು ಅವನನ್ನೇ ನೋಡುತ್ತಿದ್ದರು.

ಅವನು ಬಾಯಿ ಮುಚ್ಚಿದ.

ಯಾರಿಗಾಗಿಯೋ ಏನನ್ನೋ ಆರಿಸಲು ಹೊರಟಿರುವ ನೀವೂ ಮುಚ್ಚಿ. ಹೋಗಿ ಆ ಕೈಗಳನ್ನು ಕರೆತನ್ನಿ.